ಆರ್ಲೀನಳ ಹೆಬ್ಬೆರಳು

ಇಂಡಿಯಾನಾದ ಎಂಟು ಸಣ್ಣ ಕಾಲೇಜುಗಳ ಕೂಟ ಅದು. ಪ್ರತಿ ಮಾರ್ಚ್‌ನಲ್ಲಿ ಎಂಟೂ ತಂಡಗಳು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಡಿದಾಡಿ, ಗೆದ್ದ ಒಂದೇ ತಂಡ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಹೋಗುತ್ತಿತ್ತು. ಉಳಿದ ಏಳು ಗಂಟುಮೂಟೆ ಕಟ್ಟಬೇಕು. ಆ ಪಂದ್ಯಗಳ ಗಡಿಯಾರ ಇಪ್ಪತ್ತಾರು ವರ್ಷದಿಂದ ಆರ್ಲೀನ್ ಹೊಸ್ಟೆಟ್ಲರಳ ಕೈಯಲ್ಲಿತ್ತು. ವರ್ಷವಿಡೀ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕುವವಳಿಗೆ ಆ ನಾಲ್ಕು ದಿನದ ಕುರ್ಚಿಯೆಂದರೆ ಪ್ರಾಣ.

ತೊಂಬತ್ಮೂರರಲ್ಲಿ ವಿಟ್ಕಮ್ ಕಾಲೇಜು ಕೊನೆಯ ಗಳಿಗೆಯಲ್ಲಿ ಬೆಲ್ಫೋರ್ಡನ್ನು ಸೋಲಿಸಿತು. ವಿಟ್ಕಮ್‌ನ ಸಹಾಯಕ ಕೋಚ್ ಗ್ಯಾರೆಟ್ ಅವಳ ಅಳಿಯ. ಸರಿ, ಇಷ್ಟು ಸಾಕಲ್ಲ ಜನಕ್ಕೆ. ಅಳಿಯನಿಗೋಸ್ಕರ ಮುದುಕಿ ಗಡಿಯಾರ ಓಡಿಸುವ ಗುಂಡಿಯನ್ನು ತಡವಾಗಿ ಒತ್ತಿ ಸಮಯ ಉಳಿಸಿಕೊಟ್ಟಳು ಎಂದು ಊರೂರಲ್ಲಿ ಗುಸುಗುಸು. ಮರುವರ್ಷ ಕೂಟದವರು ಪ್ರೂಯಿಟ್ ಎಂಬವನನ್ನು ಅವಳ ಪಕ್ಕದಲ್ಲೇ ಕೂರಿಸಿದರು. ಅವನು ತಪ್ಪು ಅಂತ ಬರೆದರೆ ಕುರ್ಚಿ ಹೋದಂತೆಯೇ.

"ಸುಮ್ನೆ ಕೂತು ನೋಡು ಅಂದ್ರು ಮೇಡಂ, ಬೇಜಾರು ಮಾಡ್ಕೋಬೇಡಿ."

"ಬೇಜಾರೇನು, ನೋಡಿ. ಮೊಣಕೈ ಮಾತ್ರ ಆ ಕಡೆ ಇಟ್ಕೊಳ್ಳಿ."

ಅವನು ಪೆನ್ನು ಎತ್ತಿದಾಗಲೆಲ್ಲ ಅವಳ ಕಣ್ಣು ಅವನ ಪುಸ್ತಕದ ಕಡೆ ಓಡುತ್ತಿತ್ತು. ಅಂಕ ಬರೆಯುವ ವಾಂಡಾ ವರ್ಷವೂ ತನ್ನ ಹಂದಿಮಾಂಸದ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಿದ್ದವಳು, ಈ ಸಲ ಒಬ್ಬಳೇ ತಿಂದು ಮುಗಿಸಿದಳು. ಇವಳೇ ಚಾಡಿ ಹೇಳಿರಬೇಕು ಎಂದು ಆರ್ಲೀನಳಿಗೆ ಅನ್ನಿಸಿತು. ರೆಫರಿಗಳು ಪಿಸುಗುಟ್ಟಿದರೂ ತನ್ನದೇ ಮಾತು ಅನ್ನಿಸಿತು. ಅದೆಲ್ಲ ಹೋಗಲಿ, ಅವಳಿಗೆ ತನ್ನ ಹೆಬ್ಬೆರಳ ಮೇಲೇ ನಂಬಿಕೆ ಹೊರಟುಹೋಗಿತ್ತು. ಹೋದ ವರ್ಷ ನಿಜವಾಗಿಯೂ ತಡವಾಗಿತ್ತೇ? ಇಲ್ಲವೆಂದು ಆಣೆ ಮಾಡಲು ಅವಳಿಗೇ ಧೈರ್ಯವಿರಲಿಲ್ಲ.

ಫೈನಲ್‌ಗೆ ಬಂದದ್ದು ಮತ್ತೆ ಅದೇ ವಿಟ್ಕಮ್, ಅದೇ ಬೆಲ್ಫೋರ್ಡ್. ವಿಟ್ಕಮ್ ಒಂದು ಅಂಕ ಹಿಂದೆ. ಉಳಿದದ್ದು ಸೆಕೆಂಡಿನ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಗೆರೆಯಾಚೆಯಿಂದ ಎಸೆದ ಚೆಂಡನ್ನು ಒಳಗಿದ್ದವನು ಮುಟ್ಟಬೇಕು, ಆಮೇಲೆ ಗುಂಡಿ ಒತ್ತಿ ಗಡಿಯಾರ ಓಡಿಸಬೇಕು. ವಿಟ್ಕಮ್‌ನ ಕೊನೆಯ ವರ್ಷದ ಹುಡುಗ ಕೋಲ್ಬಿ ಕೈಚಾಚಿ ನಿಂತ. ತಡವಾಗಬಾರದು, ತಡವಾಗಬಾರದು ಎಂದುಕೊಳ್ಳುತ್ತಿದ್ದಂತೆ ಚೆಂಡಿನ್ನೂ ಗಾಳಿಯಲ್ಲಿರುವಾಗಲೇ ಆರ್ಲೀನಳ ಹೆಬ್ಬೆರಳು ಗುಂಡಿಯನ್ನು ಅದುಮಿಬಿಟ್ಟಿತು.

ಕೋಲ್ಬಿ ಹಿಡಿದ, ತಿರುಗಿದ. ಸಮಯ ಮುಗಿಯಿತೆಂದು ಭೋಂಗಾ ಕೂಗಿತು. ಆಮೇಲೆ ಅವನ ಕೈಬಿಟ್ಟ ಚೆಂಡು ನೆಟ್ಟಗೆ ಬುಟ್ಟಿಗೆ ಬಿತ್ತು. ರೆಫರಿ ಎರಡೂ ಕೈ ಆಡಿಸಿ ಲೆಕ್ಕಕ್ಕಿಲ್ಲ ಎಂದ. ಟೀವಿಯಲ್ಲಿ ಮತ್ತೆ ನೋಡಿ ತೀರ್ಪು ಕೊಡುವ ಪದ್ಧತಿ ಆಗ ಆ ಕೂಟದಲ್ಲಿರಲಿಲ್ಲ.

ಬೆಲ್ಫೋರ್ಡಿನವರು ಏಣಿ ಹತ್ತಿ, ಗೆದ್ದವರ ವಾಡಿಕೆಯಂತೆ ಬುಟ್ಟಿಯ ಬಲೆ ಕತ್ತರಿಸಿಕೊಳ್ಳತೊಡಗಿದರು. ಪ್ರೂಯಿಟ್ ಪುಸ್ತಕ ಮುಚ್ಚಿ ಕೈ ಕುಲುಕಿದ.

"ಸ್ವಂತ ಅಳಿಯನ್ನೇ ಸೋಲಿಸಿದ್ರಲ್ಲ ಮೇಡಂ. ಇನ್ಮೇಲೆ ನಿಮ್ಮ ಕಡೆ ಬೆರಳು ತೋರಿಸೋ ಗಂಡಸು ಯಾರಿದಾನೆ?"

"ನನ್ನ ಕೈ ನೋಡ್ತಿದ್ರಾ, ಕೊನೇಲಿ?"

"ಕೈ ಎಲ್ಲಿ ನೋಡ್ಲಿ? ನಾನೂ ಚೆಂಡನ್ನೇ ನೋಡ್ತಿದ್ದೆ. ಮುಂದಿನ ವರ್ಷ ನೀವೇ, ಒಬ್ರೇ ಕೂತ್ಕೊಳ್ಳಿ. ಹಂಗೇ ಬರೀತೀನಿ."

ಅಷ್ಟರಲ್ಲಿ ಗ್ಯಾರೆಟ್ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ಕೆಂಪಾಗಿತ್ತು.

"ಅಮ್ಮಾ, ನೀವು ಮನಸ್ಸಿಗೆ ಹಚ್ಕೋಬೇಡಿ. ಕೋಲ್ಬಿನೇ ಒಪ್ಕೊಂಡ, ತಡ ಮಾಡಿದ್ದು ನಾನೇ ಅಂತ. ಎಲ್ಲರ ಹತ್ರ ಕ್ಷಮೆ ಕೇಳ್ತಾ ಇದಾನೆ."

ಬೆಂಚಿನ ಹತ್ತಿರ ಆ ಹುಡುಗ ಒಬ್ಬೊಬ್ಬರ ಮುಂದೆ ನಿಂತು ತಲೆ ತಗ್ಗಿಸುತ್ತಿದ್ದ. ಆರ್ಲೀನ್ ಬಾಯಿ ತೆರೆದಳು. ಪ್ರೂಯಿಟ್ ಇನ್ನೂ ಪಕ್ಕದಲ್ಲೇ ಇದ್ದ.

"ಪಾಪ" ಎಂದಳು, ಅಷ್ಟೇ.