ಹದಿನಾಲ್ಕು ಪೌಂಡಿನ ಕೈ

ಸುವರ್ಣಾ ಯಾರನ್ನೇ ನೋಡಿದರೂ ಮೊದಲು ಕಾಲು ನೋಡುತ್ತಾಳೆ. ಆ ಭಾನುವಾರ ಬೆಳಿಗ್ಗೆ ಪಟಾನ್‌ಚೆರುವಿನಿಂದ ಗಚ್ಚಿಬೌಲಿ ಕಡೆಗೆ ಹೊರಟ ಬಸ್ಸಿನಲ್ಲೂ ಅದನ್ನೇ ಮಾಡುತ್ತಿದ್ದಳು. ಎದುರು ಸೀಟಿನ ಹುಡುಗಿಗೆ ಐದನೇ ನಂಬರು. ಅವಳ ಪಕ್ಕದ ಅಜ್ಜಿಗೆ ನಾಲ್ಕು, ಆದರೆ ಅಗಲ ಹೆಚ್ಚು. ಕಂಡಕ್ಟರಿಗೆ ಎಂಟು ಬೇಕು. ಏಳು ಹಾಕಿಕೊಂಡು ಹೆಬ್ಬೆರಳು ಹಿಂಡಿಸಿಕೊಳ್ಳುತ್ತಿದ್ದಾನೆ.

“ಅವ್ವಾ, ಮಂದಿ ಕಾಲು ನೋಡೂದು ಬಿಡು. ಏನ ತಿಳ್ಕೋತಾರ?” ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು ವರ್ಷಾ.

“ಮುಖ ನೋಡಿದ್ರ ತಿಳ್ಕೋತಾರ. ಕಾಲು ನೋಡಿದ್ರ ಯಾರೂ ಏನೂ ತಿಳ್ಕೊಳ್ಳಂಗಿಲ್ಲ.”

ಅವಳ ಮಡಿಲಲ್ಲಿದ್ದ ಚೀಲದಲ್ಲಿ ಊಟದ ಡಬ್ಬಿ ಇತ್ತು. ಡಬ್ಬಿಯ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ರಟ್ಟು. ಬೂಟಿನ ಡಬ್ಬದ ಮುಚ್ಚಳ ಅದು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಒಂದು ಕೈ, ಸುತ್ತ ಸಣ್ಣ ಸಣ್ಣ ಅಂಕಿಗಳು. ಒಂಬತ್ತು ವರ್ಷ ಅದು ಟ್ರಂಕಿನಲ್ಲಿ ಮದುವೆ ಸೀರೆಯ ಅಡಿಯಲ್ಲಿ ಇತ್ತು.

ಆಳಂದದ ಕಡೆಯ ಸುವರ್ಣಾ ಹೈದರಾಬಾದಿಗೆ ಬಂದದ್ದು ಗಂಡ ಅಂಬಾದಾಸನ ಹಿಂದೆ. ಅವನದು ಸೆಂಟ್ರಿಂಗ್ ಕೆಲಸ, ಸ್ಲ್ಯಾಬು ಹಾಕುವ ಮುಂಚೆ ಅದಕ್ಕೆ ಹಲಗೆ ಕಟ್ಟುವುದು. ಅವಳದು ಜಲ್ಲಿ ಹೊರುವುದು. ಬೇಗಂಪೇಟೆಯಲ್ಲಿ ಅವರು ಕಟ್ಟಿದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಭಾರದ ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವ ಬೌಲಿಂಗ್ ಆಟದ ಜಾಗ ಶುರುವಾದಾಗ, ಬೂಟು ಒರೆಸಿ ಕೊಡಲು ಒಬ್ಬ ಹೆಂಗಸು ಬೇಕೆಂದರು. ಜಲ್ಲಿ ಬುಟ್ಟಿ ಇಳಿಸಿ ಕೈ ತೊಳೆದುಕೊಂಡು ಅದೇ ಮೆಟ್ಟಿಲು ಹತ್ತಿದಳು.

ಅಲ್ಲಿ ಯಾರೂ ತಮ್ಮ ಚಪ್ಪಲಿ ಹಾಕಿಕೊಂಡು ಆಡುವಂತಿಲ್ಲ. ನುಣುಪು ಅಟ್ಟೆಯ ಅಲ್ಲಿನ ಬೂಟೇ ಹಾಕಬೇಕು. ಬಂದವರು ಕೌಂಟರಿಗೆ ಮೊಣಕೈ ಊರಿ ಒಂದು ನಂಬರು ಹೇಳುತ್ತಿದ್ದರು. ಹತ್ತರಲ್ಲಿ ನಾಲ್ಕು ಮಂದಿ ಹೇಳಿದ ನಂಬರು ತಪ್ಪು. ಯಾಕೆ ಹೀಗೆ ಎಂದು ಸುವರ್ಣಾ ತಿಂಗಳುಗಟ್ಟಲೆ ಯೋಚಿಸಿದಳು. ಸುಳ್ಳು ಹೇಳಿ ಅವರಿಗೆ ಏನು ಸಿಗಬೇಕು? ಕೊನೆಗೆ ಅವಳಿಗೆ ತಿಳಿಯಿತು. ಜನ ಕಾಲೇಜಿನಲ್ಲಿದ್ದಾಗಿನ, ಮದುವೆಯಾದಾಗಿನ ನಂಬರನ್ನೇ ಹಿಡಿದುಕೊಂಡಿರುತ್ತಾರೆ. ಕಾಲು ಅಗಲವಾಗುತ್ತದೆ, ಪಾದ ತಗ್ಗುತ್ತದೆ. ನಂಬರು ಮಾತ್ರ ನಾಲಿಗೆಯ ಮೇಲೆ ಹಾಗೇ ಕೂತಿರುತ್ತದೆ. ಅವತ್ತಿನಿಂದ ಅವಳು ನಂಬರು ಕೇಳುವುದನ್ನು ಬಿಟ್ಟಳು. “ಪಾಂವ್ ದಿಖಾವ್ ಸಾಬ್”, ಕಾಲು ತೋರಿಸಿ, ಎನ್ನುತ್ತಿದ್ದಳು, ನೋಡುತ್ತಿದ್ದಳು, ಕೊಡುತ್ತಿದ್ದಳು. ತಪ್ಪಿದ್ದು ಬಲು ಅಪರೂಪ.

ಆಟ ಅವಳ ಕೈಗೆ ಬಂದದ್ದು ಯಂತ್ರ ಕೆಟ್ಟಿದ್ದರಿಂದ. ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರ ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಉಪೇಂದ್ರ, ಬೀದರ ಕಡೆಯವನು, ಹಿಂದುಗಡೆ ಹೋಗಿ ಸರಿಮಾಡಿ ಅಲ್ಲಿಂದಲೇ ಕೂಗುತ್ತಿದ್ದ: “ಒಗೀ ಅಕ್ಕಾ!” ಯಂತ್ರ ಸರಿಯಾಯಿತೋ ಇಲ್ಲವೋ ನೋಡಲು ಯಾರಾದರೂ ಒಂದು ಚೆಂಡು ಉರುಳಿಸಬೇಕಲ್ಲ. ಸುವರ್ಣಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಐದನೇ ನಂಬರಿನ ಬೂಟು ಹಾಕಿ, ಕೈಗೆ ಸಿಕ್ಕ ಚೆಂಡು ಉರುಳಿಸುತ್ತಿದ್ದಳು. ಮೊದಲ ದಿನ ಕೈಗೆ ಸಿಕ್ಕದ್ದು ಹದಿನಾಲ್ಕು ಪೌಂಡಿನದು. ಗಂಡಸರೇ ಎತ್ತಿ ನೋಡಿ ವಾಪಸು ಇಡುತ್ತಿದ್ದ ಚೆಂಡು. ಜಲ್ಲಿ ಹೊತ್ತ ಕೈಗೆ ಅದು ಹಗುರವೇ ಅನಿಸಿತು. ಹತ್ತೂ ಪಿನ್ನು ಬಿದ್ದವು.

ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ನೆಟ್ಟಗೆ ಬಿಟ್ಟರೂ ಚೆಂಡು ಕೊನೆಗೆ ಯಾಕೆ ಹೊರಳುತ್ತದೆ? ಚೆಂಡು ಉರುಳುವ ಹಲಗೆಹಾದಿಗೆ, ಅಂದರೆ ಲೇನಿಗೆ, ಮುಂದಿನ ಭಾಗದಲ್ಲಿ ಎಣ್ಣೆ ಸವರಿರುತ್ತದೆ, ಪಿನ್ನಿನ ಹತ್ತಿರ ಒಣಗಿರುತ್ತದೆ, ಅಲ್ಲಿ ಚೆಂಡಿಗೆ ಹಿಡಿತ ಸಿಗುತ್ತದೆ ಎಂದ ಉಪೇಂದ್ರ. ಕಣ್ಣಿಗೆ ಕಾಣದ ಆ ಎಣ್ಣೆಯನ್ನು ಅವಳು ನಾಲ್ಕು ವರ್ಷ ಚೆಂಡಿನಿಂದ ಮುಟ್ಟಿ ಮುಟ್ಟಿ ಕಲಿತಳು. ಬಾಗಿಲು ತೆರೆಯುವ ಮುಂಚಿನ ಮುಕ್ಕಾಲು ಗಂಟೆ ಅವಳದು. ಆ ಹದಿನಾಲ್ಕು ಪೌಂಡಿನ ಚೆಂಡಿನಿಂದಲೇ ಅಲ್ಲಿನವರು ಅವಳಿಗೆ ‘ಚೌದಾ ನಂಬರ್’ ಎಂದು ಹೆಸರಿಟ್ಟರು. ಅವಳ ಬೆರಳಿನ ಅಳತೆಗೇ ತೂತು ಕೊರೆದು ಒಂದು ಚೆಂಡು ಮಾಡಿಕೊಡುತ್ತೇನೆಂದು ಉಪೇಂದ್ರ ಬೂಟಿನ ಡಬ್ಬದ ಮುಚ್ಚಳದ ಮೇಲೆ ಅವಳ ಕೈ ಬರೆದುಕೊಂಡ. ಚೆಂಡು ಬರುವ ಮುಂಚೆ ಆ ಜಾಗವೇ ಮುಚ್ಚಿತು. ಅವನು ಒಂದು ಕಡೆ ಹೋದ, ಅವಳು ಪಟಾನ್‌ಚೆರುವಿಗೆ, ಒಂದು ಔಷಧಿ ಕಾರ್ಖಾನೆಗೆ. ಅಲ್ಲಿ ಮಾತ್ರೆಯ ಪಟ್ಟಿಗಳನ್ನು ಡಬ್ಬಕ್ಕೆ ತುಂಬುವ ಕೆಲಸ. ಎರಡು ವರ್ಷದ ಹಿಂದೆ ಬಲ ಮಣಿಕಟ್ಟು ಊದಿಕೊಂಡು ಮೂರು ತಿಂಗಳು ಪಟ್ಟಿ ಕಟ್ಟಿಕೊಂಡಿದ್ದಳು. “ಇನ್ನೊಮ್ಮೆ ಊದಿದರೆ ಭಾರ ಎತ್ತುವುದನ್ನು ಪೂರಾ ಮರೆತುಬಿಡಿ” ಎಂದಿದ್ದರು ಡಾಕ್ಟರು.

ಉಪೇಂದ್ರ ಈಗ ಗಚ್ಚಿಬೌಲಿಯ ಒಂದು ದೊಡ್ಡ ಬೌಲಿಂಗ್ ಸೆಂಟರಿನಲ್ಲಿ ಚೆಂಡಿಗೆ ತೂತು ಕೊರೆಯುವ ಕೋಣೆ ನೋಡಿಕೊಳ್ಳುತ್ತಾನೆ. ಹೋದ ವಾರ ಫೋನು ಮಾಡಿದ್ದ. ಬರುವ ತಿಂಗಳಿಂದ ಹೆಂಗಸರ ಲೀಗು, ನಾಲ್ವರ ತಂಡದಲ್ಲಿ ಒಬ್ಬರು ಕಡಿಮೆ. “ನಿನ್ನ ಹೆಸರು ಬರಸೀನಿ. ಕೊಡಬೇಕಾದ ಬಾಲೊಂದು ಬಾಕಿ ಐತೆಲ್ಲ, ಅದನ್ನೂ ಕೊಡ್ತೀನಿ ಬಾ.”

ತಾಯಿ ಮಗಳು ಬಸ್ಸಿಳಿದು ಅಲ್ಲಿಗೆ ಮುಟ್ಟಿದಾಗ, ಕೋಣೆಯ ಬಾಗಿಲಲ್ಲಿ ನಿಂತಿದ್ದ ಉಪೇಂದ್ರ ಅವಳನ್ನು ಕಂಡು ನಕ್ಕ. “ಬಂದ ಕೂಡ್ಲೇ ನನ್ನ ಕಾಲ ನೋಡಾಕತ್ತೀಯಲ್ಲ ಅಕ್ಕಾ!”

“ಒಂಬತ್ತು ಇದ್ದದ್ದು ಹತ್ತಾಗೈತಿ. ಹೊಟ್ಟಿನೂ ಒಂದ ನಂಬರ್ ಏರೈತಿ.”

ಮೇಜಿನ ಮೇಲೆ ತೂತಿಲ್ಲದ ಎರಡು ಚೆಂಡು. ಒಂದು ನೀಲಿ, ಒಳಗೆ ಬಿಳಿ ಸುಳಿಗಳು. ಇನ್ನೊಂದು ಬದನೆಕಾಯಿ ಬಣ್ಣ. “ನೀಲೀದು ಹದಿನಾಲ್ಕು, ಇದು ಹನ್ನೊಂದು. ಎರಡರಾಗ ಒಂದು ನಿಂದು. ಒಮ್ಮಿ ಕೊರದ್ರ ಮುಗೀತು, ತೂತು ಮುಚ್ಚಿ ಮತ್ತ ಕೊರಿಯೂ ಸಾಮಾನು ನನ್ನ ಹಂತ್ಯಾಕ ಇಲ್ಲ. ಕೈ ಕೊಡು, ಅಳತಿ ತಗೋತೀನಿ.”

“ಅಳತಿ ಐತಿ.” ಸುವರ್ಣಾ ಕವರು ಬಿಚ್ಚಿ ರಟ್ಟು ಮುಂದಿಟ್ಟಳು. “ನೀನ ತಗೊಂಡಿದ್ದಿ.”

ಉಪೇಂದ್ರ ರಟ್ಟನ್ನು ಬೆಳಕಿಗೆ ಹಿಡಿದು ತನ್ನದೇ ಅಕ್ಷರವನ್ನು ಅಪರಿಚಿತನದೆಂಬಂತೆ ಓದಿದ. “ಇದನ್ನ ಇಟ್ಟೀಯಾ ಇನ್ನಾ!” ಎಂದ. ಆಮೇಲೆ, “ಮೊದಲು ಇಲ್ಲಿನ ಬಾಲಿನಾಗ ನಾಕು ಸಲ ಒಗದು ನೋಡು” ಎಂದ.

ಚೆಂಡುಗಳ ಸಾಲಿನಿಂದ ಅವಳು ತೆಗೆದುಕೊಂಡದ್ದು ಹದಿನಾಲ್ಕರದ್ದು. ನಡುಬೆರಳು, ಉಂಗುರ ಬೆರಳು ತೂತಿಗೆ ಇಳಿದವು. ಹೆಬ್ಬೆರಳು ಗಂಟಿನ ಹತ್ತಿರ ನಿಂತಿತು, ಒತ್ತಿದಳು, ಹೋಯಿತು. ನಾಲ್ಕು ಹೆಜ್ಜೆ. ಹೆಜ್ಜೆಗಳು ನೆನಪಿದ್ದವು, ಅದು ಅವಳಿಗೇ ಆಶ್ಚರ್ಯ. ಆದರೆ ಬಿಡಬೇಕಾದ ಗಳಿಗೆಯಲ್ಲಿ ಹೆಬ್ಬೆರಳು ಬಿಡಲಿಲ್ಲ. ಚೆಂಡು ಅವಳನ್ನು ಅರ್ಧ ಹೆಜ್ಜೆ ಎಳೆದುಕೊಂಡು ಹೋಗಿ ಧಡ್ ಎಂದು ಬಿದ್ದು ಲೇನಿನ ಪಕ್ಕದ ಕಾಲುವೆಗೆ ಇಳಿಯಿತು.

“ಮೊದಲನೇದು ಹಂಗ,” ಎಂದಳು.

ಎರಡನೆಯದಕ್ಕೆ ಆರು ಪಿನ್ನು ಬಿದ್ದವು. ಮಣಿಕಟ್ಟಿನಿಂದ ಮೊಣಕೈತನಕ ಒಂದು ತಂತಿ ಎಳೆದಂತಾಯಿತು. ಸುವರ್ಣಾ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆರು ಬಿದ್ದದ್ದನ್ನು ವರ್ಷಾ ನೋಡಿದ್ದಳು. ಕೈ ಒಳಗೆ ಹೋದದ್ದನ್ನೂ ನೋಡಿದಳು.

“ಯಾವುದು ಕೊರೀಲಿ?” ಉಪೇಂದ್ರ ಕೇಳಿದ.

“ಚೌದಾ ನಂಬರಿಗೆ ಯಾವುದು ಕೊರೀತಾರ? ನೀಲೀದು. ರಟ್ಟಿನ ಮ್ಯಾಲಿನ ಅಳತಿಗೇ.”

“ಇನ್ನೊಮ್ಮೆ ವಿಚಾರ ಮಾಡು ಅಕ್ಕಾ.”

“ಮಾಡೀನಿ.”

ಅವನು ನೀಲಿ ಚೆಂಡನ್ನು ಯಂತ್ರಕ್ಕೆ ಸಿಕ್ಕಿಸಲು ಕೋಣೆಗೆ ಹೋದ. ಐದು ನಿಮಿಷದ ಆ ಕೆಲಸವನ್ನು ಅವತ್ತು ಅವನು ಬಹಳ ನಿಧಾನ ಮಾಡಿದ.

ಅಷ್ಟರಲ್ಲಿ ಬೂಟಿನ ಕೌಂಟರಿನ ಮುಂದೆ ಗದ್ದಲ. ಹುಟ್ಟುಹಬ್ಬಕ್ಕೆಂದು ಇಪ್ಪತ್ತು ಮಂದಿ ಬಂದಿದ್ದರು, ಕೌಂಟರಿನವಳು ಒಳಗೆ ಎಲ್ಲೋ ಹೋಗಿದ್ದಳು. ಸುವರ್ಣಾಳ ಕಾಲುಗಳು ಅವಳನ್ನು ಕೇಳದೆಯೇ ಕೌಂಟರಿನ ಹಿಂದಕ್ಕೆ ಹೋಗಿ ನಿಂತವು. ಮಕ್ಕಳಿಗೆ ಎರಡು, ಮೂರು, ಒಂದು. ಎಲ್ಲವೂ ಸರಿಯಾಗಿ ಕೂತವು. ಕೊನೆಗೆ ಮೊಮ್ಮಗಳ ಕೈ ಹಿಡಿದ ಒಬ್ಬ ಹಿರಿಯರು.

“ಎಂಟು ಕೊಡಮ್ಮ,” ಎಂದರು ಅವರು. ಸುವರ್ಣಾ ತನ್ನ ಮಗಳಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು.

ಸುವರ್ಣಾ ಬಗ್ಗಿ ನೋಡಿದಳು. ಒಂಬತ್ತು ತೆಗೆದು ಇಟ್ಟಳು.

“ಎಂಟು ಅಂದೆ. ಮೈಸೂರಲ್ಲಿ ನಮ್ಮ ಅಂಗಡಿಯವನಿಗೆ ಹೇಳೋದೇ ಬೇಡ, ಸುಬ್ಬಣ್ಣನವರದು ಎಂಟು ಅಂತ ತೆಗೆದಿಟ್ಟಿರ್ತಾನೆ. ಮೂವತ್ತು ವರ್ಷದಿಂದ ಎಂಟೇ ಕಣಮ್ಮ.”

“ಮೂವತ್ತು ವರ್ಷದ ಹಿಂದಿನ ಕಾಲು ಮೈಸೂರಾಗ ಬಿಟ್ಟು ಬಂದೀರೇನ್ರಿ? ಈಗ ಬಂದಿರೂ ಕಾಲಿಗೆ ಕೊಡಾಕತ್ತೀನಿ. ಹಾಕ್ಕೊಂಡ ನೋಡ್ರಿ.”

ಮೊಮ್ಮಗಳು ಕಿಸಕ್ಕನೆ ನಕ್ಕಳು. ಸುಬ್ಬಣ್ಣನವರು ಬೆಂಚಿಗೆ ಕೂತು, ಒಂಬತ್ತರಲ್ಲಿ ಕಾಲಿಟ್ಟು, ಎದ್ದು ನಿಂತರು. ಬೆರಳು ಆಡಿಸಿದರು. ಮುಖದ ಮೇಲೆ ಮೊದಲು ಬೇಸರ, ಆಮೇಲೆ ನಿಧಾನವಾಗಿ ಒಂದು ಸುಖ ಹರಡಿತು. “ಅಯ್ಯೋ, ಅದಕ್ಕೇ ಏನು ನಡೆದಾಗೆಲ್ಲ ಉರಿಯೋದು!” ಎಂದು ತಮ್ಮ ಕಾಲನ್ನೇ ಹೊಸದಾಗಿ ನೋಡುತ್ತ ಲೇನಿನ ಕಡೆ ನಡೆದರು.

ವರ್ಷಾ ಕೌಂಟರಿಗೆ ಮೊಣಕೈ ಊರಿ ನಿಂತಿದ್ದಳು.

“ಅವ್ವಾ, ಹದಿನಾಲ್ಕು ಪೌಂಡಿನ ಕೈ ಬೇಗಂಪೇಟ್ಯಾಗ ಬಿಟ್ಟು ಬಂದೀಯೇನು?”

ಸುವರ್ಣಾ ಮತ್ತೆ ಸೆರಗಿನೊಳಗೆ ಸೇರಿದ್ದ ಬಲಗೈ ಹೊರತೆಗೆದು ಕೌಂಟರಿನ ಮೇಲೆ, ಬೂಟು ಇಡುವ ಜಾಗದಲ್ಲಿ ಇಟ್ಟಳು. ಎಷ್ಟು ಮಂದಿಯ ಕಾಲು ನೋಡಿದ್ದಳು. ಈ ಕೈಯನ್ನು ಹೀಗೆ ಬಿಡಿಯಾಗಿ, ಬೇರೆ ಯಾರದೋ ಎಂಬಂತೆ ನೋಡಿದ್ದೇ ಇಲ್ಲ. ಹೆಬ್ಬೆರಳಿನ ಗಂಟು ಕಡಲೆಕಾಳಿನಷ್ಟು ಉಬ್ಬಿದೆ. ಬೆರಳುಗಳು ಪೂರಾ ಚಾಚುವುದಿಲ್ಲ, ಮಾತ್ರೆ ಪಟ್ಟಿ ಹಿಡಿದಷ್ಟೇ ಬಾಗಿ ನಿಲ್ಲುತ್ತವೆ. ಮಣಿಕಟ್ಟಿನ ಹತ್ತಿರ ಪಟ್ಟಿ ಕಟ್ಟಿದ್ದ ಜಾಗ ಇನ್ನೂ ಸ್ವಲ್ಪ ದಪ್ಪ. ಈ ಗಿರಾಕಿಗೆ ಏನು ಕೊಡಬೇಕೆಂದು ಅವಳಿಗೆ ಕೂಡಲೇ ತಿಳಿಯಿತು.

ಕೋಣೆಗೆ ಓಡಿದಳು. ನೀಲಿ ಚೆಂಡು ಯಂತ್ರದಲ್ಲಿತ್ತು, ಡ್ರಿಲ್ಲು ಅದರ ಮೇಲೆ ಒಂದು ಗೇಣು ಎತ್ತರದಲ್ಲಿ. ಉಪೇಂದ್ರ ಒರೆಸಬೇಕಿಲ್ಲದ ಜಾಗವನ್ನೇ ಒರೆಸುತ್ತಿದ್ದ.

“ತಗಿ ಅದನ್ನ,” ಎಂದಳು. “ಅಳತಿ ತಗೋ.”

“ರಟ್ಟಿನ ಮ್ಯಾಲ ಐತೆಲ್ಲ?”

“ಅದು ಬ್ಯಾರೇದವರ ಕೈ.”

ಅವನು ನೀಲಿ ಚೆಂಡನ್ನು ಯಂತ್ರದಿಂದ ಬಿಚ್ಚಿದ. ಬಳೆಗಳಂಥ ಉಂಗುರಗಳ ಗೊಂಚಲಿನಿಂದ ಒಂದೊಂದನ್ನೇ ಅವಳ ಹೆಬ್ಬೆರಳಿಗೆ ತೊಡಿಸಿ ನೋಡಿದ. ಹಿಂದಿನದಕ್ಕಿಂತ ಎರಡು ಅಳತೆ ದೊಡ್ಡದು. ಹೆಬ್ಬೆರಳಿಂದ ನಡುಬೆರಳಿಗೆ ಇದ್ದ ಅಂತರ ಮಾತ್ರ ಕಡಿಮೆಯಾಗಿತ್ತು. ಆಮೇಲೆ ತೂಕ. ಹತ್ತು, ಹನ್ನೊಂದು, ಹನ್ನೆರಡು ಪೌಂಡಿನ ಚೆಂಡುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಎದೆಯ ಮುಂದೆ ಚಾಚಿ ಹಿಡಿಸಿದ. ಹನ್ನೆರಡಕ್ಕೆ ಭುಜ ಮೇಲೆದ್ದಿತು. ಹತ್ತನ್ನು ಹಿಡಿದು ಅವಳು ಮಾತಾಡುತ್ತಲೇ ಇದ್ದಳು. ಹನ್ನೊಂದಕ್ಕೆ ಸುಮ್ಮನಾದಳು, ಭುಜ ಏಳಲಿಲ್ಲ.

“ಹೆಬ್ಬಟ್ಟಿನ ತೂತು ಒಂಚೂರು ಸಡಿಲ ಕೊರೀತೀನಿ. ಒಳಗ ಟೇಪು. ಬ್ಯಾಸಗ್ಯಾಗ ಊದಿತು ಅಂದ್ರ ಒಂದು ಪದರು ತಗಿ, ಚಳಿಗೆ ಸಣ್ಣಾತು ಅಂದ್ರ ಒಂದು ಹಚ್ಚು.”

“ದಿನಾ ಕೈ ಬದಲಾಗತೈತಿ?” ಸುವರ್ಣಾಳ ಕಣ್ಣು ಅರಳಿತು. “ದಿನಾ?”

“ಮುಂಜಾನಿ ಒಂದು, ಸಂಜಿಗೊಂದು.”

“ಕಾಲೂ ಹಂಗ. ಸಂಜಿಗೆ ಬಂದವರಿಗೆ ಅರ್ಧ ನಂಬರ್ ಹೆಚ್ಚ ಕೊಡ್ತಿದ್ದೆ. ಕೈಗೂ ಹಂಗ ಅಂತ ಹೊಳೀಲೇ ಇಲ್ಲ ನೋಡು.”

ಬದನೆಕಾಯಿ ಬಣ್ಣದ ಚೆಂಡಿನಿಂದ ಸುರುಳಿ ಸುರುಳಿ ಪುಡಿ ಉದುರಿತು. ಮೂರು ತೂತು. ಉಪೇಂದ್ರ ಅಂಚುಗಳನ್ನು ಉಜ್ಜಿ ನುಣುಪು ಮಾಡಿ, ಟೇಪು ಹಚ್ಚಿ ಕೊಟ್ಟ. ಬೆರಳುಗಳು ಇಳಿದವು. ಹೆಬ್ಬೆರಳು ಯಾವ ಒತ್ತಡವೂ ಇಲ್ಲದೆ ತಳ ಮುಟ್ಟಿತು.

ಲೇನಿನಲ್ಲಿ ನಾಲ್ಕು ಹೆಜ್ಜೆ. ಚೆಂಡು ಯಾವಾಗ ಕೈ ಬಿಟ್ಟಿತೆಂಬುದೇ ಅವಳಿಗೆ ಗೊತ್ತಾಗಲಿಲ್ಲ. ಹಿಂದಿನ ಚೆಂಡಿನ ಗುಡುಗು ಇದಕ್ಕಿರಲಿಲ್ಲ. ಎಣ್ಣೆಯ ಮೇಲೆ ಜಾರುತ್ತ ಹೋಗಿ, ಒಣ ಜಾಗದಲ್ಲಿ ಒಮ್ಮೆ ಯೋಚಿಸಿದಂತೆ ಮಾಡಿ, ಹೊರಳಿತು. ಏಳು ಬಿದ್ದವು, ಮೂರು ಬಲಮೂಲೆಯಲ್ಲಿ ಗುಂಪಾಗಿ ನಿಂತವು.

ಅವಳು ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದಳು.

“ಒಗೀ, ಗ್ಯಾರಾ ನಂಬರ್!” ಹಿಂದಿನಿಂದ ಉಪೇಂದ್ರ ಕೂಗಿದ. ಹನ್ನೊಂದು ಪೌಂಡಿಗೆ ಹೊಸ ಹೆಸರು.

“ಅಕ್ಕಾ ಅನ್ನು, ಬಾಯಿ ಹೊಲಿತೀನಿ ಇಲ್ಲಾಂದ್ರ,” ಎಂದಳು ತಿರುಗದೆ. ಅವಳ ಕಣ್ಣು ಆ ಮೂರು ಪಿನ್ನುಗಳ ಮೇಲಿತ್ತು. “ಆ ಮೂರು ಯಾಕ ನಿಂತ್ವು ಉಪೇಂದ್ರ? ಹಗುರ ಬಾಲು ಜಲ್ದಿ ಹೊಳ್ಳತೈತೇನು? ಹಂಗಾದ್ರ ನಾ ಎಲ್ಲಿ ನಿಂದರಬೇಕು?”

ಉತ್ತರಕ್ಕೆ ಕಾಯದೆ ನೆಲದ ಒಂದು ಹಲಗೆಯಷ್ಟು ಬಲಕ್ಕೆ ಸರಿದು, ಚೆಂಡು ಮರಳಿ ಬರುವ ತಟ್ಟೆಯ ಮೇಲೆ ಕೈ ಬಿಚ್ಚಿ ಹಿಡಿದು ನಿಂತಳು.