ಎರಡನೇ ಸಲ ಹಾಕಿದ ಪ್ಯಾಚ್

ಹಿರೇಗುತ್ತಿಯ ನಮ್ಮ ಮನೆಯಲ್ಲಿ ಹಿರಿಯರು ಏನಾದರೂ ಕೇಳಿದರೆ, ಮಾತು ಮುಗಿಯುವ ಮೊದಲೇ ‘ಆತು’ ಅನ್ನಬೇಕು. ಯೋಚನೆ ಆಮೇಲೆ. ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುವವನು ಸೊಕ್ಕಿನವನು ಎಂದೇ ಅಜ್ಜನ ಲೆಕ್ಕ. ಆ ಅಭ್ಯಾಸ ನನ್ನ ಬೆರಳಿಗೂ ಇಳಿದಿದೆ ಎಂದು ತಿಳಿದಿರಲಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ರಕ್ತದಾನಿಗಳ ಪಟ್ಟಿಯನ್ನು ಭಟ್ಕಳದ ಗೆಳೆಯನೊಬ್ಬ ಮತ್ತು ನಾನು ನೋಡಿಕೊಳ್ಳುತ್ತೇವೆ. ಪಟ್ಟಿ ಇರುವುದು ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಂನಲ್ಲಿ; ನಾವಿಬ್ಬರೂ ತೆರೆಯುವುದು ಅದರ ಒಂದೇ ಪ್ರತಿಯನ್ನು. ಹೊಸ ಆವೃತ್ತಿಯಲ್ಲಿ ಒಂದು ದೋಷವಿತ್ತು: ನೆಗೆಟಿವ್ ಗುಂಪುಗಳನ್ನೆಲ್ಲ ಪಾಸಿಟಿವ್ ಎಂದೇ ಓದುತ್ತಿತ್ತು. ಬರೆದವರು ಪ್ಯಾಚ್ ಕಳಿಸಿದರು. ಯಾವ ಸಾಲು ತೆಗೆಯಬೇಕು, ಯಾವುದನ್ನು ಸೇರಿಸಬೇಕು ಎಂದು ಹೇಳುವ ಸಣ್ಣ ಕಡತ. ಕಮಾಂಡ್ ಲೈನಿನಲ್ಲಿ ಒಂದು ಸಾಲು ಬರೆದರೆ ಸಾಕು, ತಿದ್ದುವ ಕೆಲಸ ಅದರದ್ದೇ.

ಭಾನುವಾರ ಬೆಳಿಗ್ಗೆ ಆ ಸಾಲು ಬರೆದೆ. ಅದು ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದಿ ಮುಗಿಸುವ ಮೊದಲೇ ಹೌದೆನ್ನುವ ‘ವೈ’ ಒತ್ತಿ ದೋಸೆ ತಿನ್ನಲು ಎದ್ದೆ.

ಮಂಗಳವಾರ ಮಧ್ಯಾಹ್ನ ಹೊನ್ನಾವರದ ಆಸ್ಪತ್ರೆಯೊಂದರಿಂದ ಒಬ್ಬಾತ ಫೋನ್ ಮಾಡಿದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು ಎಂದ. ಹುಡುಕಿದೆ. ಮೂರು ತಾಲೂಕಿಗೂ ಸೊನ್ನೆ. ಯಾರೂ ಇಲ್ಲ ಎಂದು ಹೇಳಿ ಫೋನಿಟ್ಟೆ.

ಇಟ್ಟ ಮೇಲೆ ಹೊಳೆಯಿತು. ನನ್ನದೇ ರಕ್ತ ಓ ನೆಗೆಟಿವ್. ಆ ಪಟ್ಟಿಗೆ ಮೊದಲು ಸೇರಿಸಿದ ಹೆಸರೇ ನನ್ನದು.

ಗೆಳೆಯನಿಗೆ ಫೋನ್ ಹಚ್ಚಿದೆ.

“ಪ್ಯಾಚ್ ನಾನು ಶನಿವಾರವೇ ಹಾಕಿದ್ನಲ್ಲ ಮಾರಾಯ. ಎರಡನೇ ಸಲ ಹಾಕಿದ್ರೆ, ಮೊದಲೇ ಹಾಕಿದ್ದಿದು, ತೆಗೀಲಾ ಅಂತ ಕೇಳ್ತದೆ. ನೀ ಎಂತ ಅಂದೆ?”

“ಆತು ಅಂದೆ.”

“ಕಂಪ್ಯೂಟರಿಗೂ ದಾಕ್ಷಿಣ್ಯ ಮಾಡ್ತೀಯಲ್ಲೋ.”

ಪ್ಯಾಚನ್ನು ಮತ್ತೆ ಹಾಕಿದೆ. ಏಳು ಹೆಸರು ಎದ್ದು ಬಂದವು. ಉಳಿದವರಿಗೆ ಫೋನ್ ಮಾಡಲು, ಆ ಗಂಡನಿಗೂ ಬರುತ್ತಿದ್ದೇವೆಂದು ತಿಳಿಸಲು ಗೆಳೆಯನಿಗೆ ಹೇಳಿ, ಬೈಕ್ ಹತ್ತಿದೆ. ನಾನು ಹೊನ್ನಾವರ ಮುಟ್ಟುವಷ್ಟರಲ್ಲಿ ಇಡಗುಂಜಿಯವರೊಬ್ಬರು ಬಂದು ರಕ್ತ ಕೊಡಲು ಮಲಗಿದ್ದರು. ನಾನೂ ಕೊಟ್ಟೆ.

ಸಂಜೆ ಆ ಗಂಡ ಹತ್ತಿರ ಬಂದ. ಇನ್ನು ಭಯವಿಲ್ಲ, ಅಡ್ಡಿಲ್ಲೆ ಅಂದರಂತೆ ಡಾಕ್ಟರು. ಕೈ ಮುಗಿಯಲು ಹೋದವನು, ಬೇಡ ಎಂದ ನನ್ನ ಧ್ವನಿ ಕೇಳಿ ನಿಂತ.

“ಮೊದ್ಲು ಯಾರೂ ಇಲ್ಲ ಅಂದವ್ರು ನೀವೇ ಅಲ್ದಾ?”

ಹೌದೆಂದೆ.

“ನಾನು ಅದನ್ನೇ ಹೋಗಿ ಅವಳ ಅಮ್ಮಂಗೆ ಹೇಳ್ಬಿಟ್ಟಿದ್ದೆ.”

ಆ ತಾಯಿ ಬೆಂಚಿನ ಮೇಲೆ ಕುಳಿತಿದ್ದರು. ಮಗಳಿಗೆ ಎಚ್ಚರವಾಗಿದೆ ಎಂದು ನರ್ಸ್ ಎರಡೆರಡು ಸಲ ಹೇಳಿದರೂ ಅವರು ನಂಬಿ ಏಳಲಿಲ್ಲ.