ರಾಗಿ ಮಿಲ್ಲಿನ ಗೋಡೆಗೆ ಬ್ರೋಕರ್ ಬೀರಯ್ಯನ ನಂಬರು

ಕುಂಬಾರಕೊಪ್ಪಲಿನ ಬ್ರೋಕರ್ ಬೀರಯ್ಯನಿಗೆ ಇಪ್ಪತ್ತಾರು ವರ್ಷದಿಂದ ಆಫೀಸು ಅಂದರೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚು. ಅವನ ಬಾಯಲ್ಲಿ ಎಲ್ಲ ಸೈಟೂ ಬಸ್ ಸ್ಟಾಪಿನಿಂದ ಐದೇ ನಿಮಿಷ. ಎಲ್ಲ ಸೈಟಿನಿಂದಲೂ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಕಾಣದಿದ್ದರೆ, "ಮೇಲೊಂದು ಮಹಡಿ ಎಬ್ಬಿಸಿ ಸಾರ್, ಕಾಣ್ದೆ ಎಲ್ಲಿಗೋಯ್ತದೆ?" ಅನ್ನುತ್ತಿದ್ದ.

ಅಂಥವನನ್ನು ರಿಂಗ್ ರಸ್ತೆ ಆಚೆಯ ಹೊಸ ಬಡಾವಣೆಯ ಗೇಟಿನಲ್ಲೇ ನಿಲ್ಲಿಸಿಬಿಟ್ಟರು.

"ರೇರಾ ನಂಬರು ಐತಾ ಅಣ್ಣ? ಸರ್ಕಾರದಲ್ಲಿ ಹೆಸರು ಬರೆಸದೆ ಇರೋ ಏಜೆಂಟು ಇಲ್ಲಿ ಸೈಟು ಮಾರಿಸಂಗಿಲ್ಲ" ಅಂದ ಗೇಟಿನವನು.

ಜೊತೆಗೆ ಬಂದಿದ್ದ ಮನೋಹರ್ ಮೇಷ್ಟ್ರು, ಹೆಂಡತಿ ಸೌಮ್ಯ ಸ್ಕೂಟರಿಂದ ಇಳಿಯಲೇ ಇಲ್ಲ. "ನಂಬರು ಮಾಡಿಸ್ಕೊಂಡು ಹೇಳಿ, ಕಾಯ್ತೀವಿ" ಅಂದು ಹೊರಟರು. ಆ ವರ್ಷ ಬೀರಯ್ಯನ ಕೈಯಲ್ಲಿ ಉಳಿದಿದ್ದ ಗಿರಾಕಿ ಅವರೊಬ್ಬರೇ. ಅವರೂ ತಪ್ಪಿಹೋದರೆ ಬೆಂಚು ಇರುತ್ತದೆ, ಕಸುಬು ಇರುವುದಿಲ್ಲ.

ಸರಸ್ವತಿಪುರಂನ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬುವ ನಯನಾ ಫೋಟೋ, ಪಾನ್ ಕಾರ್ಡು ಎಲ್ಲ ತಗೊಂಡು ಕೇಳಿದಳು, "ಅಂಕಲ್, ವ್ಯವಹಾರ ನಡೆಸೋ ಜಾಗ?"

"ಹೊಂಗೆ ಮರ."

"ಡೋರ್ ನಂಬರ್ ಹೇಳಿ."

"ಮರಕ್ಕೆ ಎಲ್ಲಿ ಬಾಗಿಲಮ್ಮ?"

"ಹಂಗಾದ್ರೆ ಆಗಲ್ಲ ಅಂಕಲ್. ನಂಬರು ಬಂದ್ಮೇಲೆ ಆ ಜಾಗದಲ್ಲಿ ಎಲ್ರಿಗೂ ಕಾಣೋ ಹಂಗೆ ಹಾಕ್ಬೇಕು. ಇನ್ನೊಂದು, ಸುಳ್ಳು ಹೇಳಿ ಮಾರಿಸಿದ್ರೆ ನಂಬರು ವಾಪಸ್ ಕಿತ್ಕೋತಾರೆ."

ಮೊದಲನೆಯದು ಮಾತ್ರ ಬೀರಯ್ಯನ ಕಿವಿಗೆ ಬಿತ್ತು.

ಮರದ ಎದುರಿಗೇ ಪುಟ್ಟಬಸಮ್ಮನ ರಾಗಿ ಮಿಲ್ಲು. ರಾಗಿಯನ್ನೂ ತೂಗಿ, ಹಿಟ್ಟನ್ನೂ ತೂಗಿ, ಕಲ್ಲಿಗೆ ಅಂಟಿದ್ದನ್ನು ಪೊರಕೆ ಕಡ್ಡಿಯಲ್ಲಿ ಕೆರೆದು ಅವರವರ ಡಬ್ಬಕ್ಕೇ ಹಾಕುವ ಹೆಂಗಸು ಅವಳು.

"ಅಕ್ಕಾ, ನಿಮ್ಮ ಗೋಡೇಲಿ ಒಂದು ಮೂಲೆ ಬಾಡಿಗೆಗೆ ಕೊಡಿ."

"ಬಾಡಿಗೆ ಬ್ಯಾಡ ಕಣಪ್ಪ. ಆದ್ರೆ ಇದು ತಕ್ಕಡಿ ಇರೋ ಜಾಗ. ಇಲ್ಲಿ ಕೂತು ನೀನು ಸುಳ್ಳು ಬುಟ್ರೆ ನಾನು ಬಾಯಿ ಮುಚ್ಕೊಂಡಿರಲ್ಲ."

ಬೀರಯ್ಯ ತಕ್ಷಣ ಒಪ್ಪಿದ. ಮಿಷನ್ನು ಓಡುವಾಗ ಯಾರ ಮಾತು ಯಾರಿಗೆ ಕೇಳುತ್ತದೆ ಅನ್ನುವುದು ಅವನ ಧೈರ್ಯ.

ನಂಬರು ಬಂತು. ಫ್ರೇಮು ಹಾಕಿಸಿ ತಕ್ಕಡಿಯ ಮೇಲ್ಗಡೆ ಮೊಳೆ ಹೊಡೆದ. ಎರಡೇ ದಿನಕ್ಕೆ ಅದರ ಮೇಲೆ ಹಿಟ್ಟು ಕೂತಿತು. ಮೂರನೇ ದಿನ ಮೇಷ್ಟ್ರು, ಸೌಮ್ಯ ಬಂದರು. ಮಿಷನ್ನು ಗುಡುಗುತ್ತಿತ್ತು. ಬೀರಯ್ಯ ಗಂಟಲು ಹರಿಯುವಂತೆ ಕಿರುಚಿ ವಿವರಿಸುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಮಿಷನ್ನು ನಿಂತಿತು, ಬೀರಯ್ಯ ನಿಲ್ಲಲಿಲ್ಲ.

"ಬಸ್ ಸ್ಟಾಪಿಂದ ಐದೇ ನಿಮಿಷಾ!"

ರಾಗಿ ಡಬ್ಬ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಯಾವುದು, ನೀರಿನ ಟ್ಯಾಂಕ್ ಪಕ್ಕದ ಬಡಾವಣೆನಾ?" ಪುಟ್ಟಬಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಮ್ಮ ನಾದಿನಿ ಮನೆ ಅಲ್ಲೇ. ನಡೆದಿದೀನಿ. ಇಪ್ಪತ್ತೆರಡು ನಿಮಿಷ. ಮಂಡಿ ಹಿಡ್ಕೊಂಡ ದಿನ ಇಪ್ಪತ್ತೈದು."

"ಅಕ್ಕಾ, ಅದು ನಿಮ್ಮ ನಡಿಗೆ..."

"ನಿನ್ನ ನಡಿಗೆ ಗೊತ್ತಿಲ್ವಾ? ಬೆಂಚಿಂದ ನನ್ನ ಬಾಗಿಲಿಗೆ ಬರಕ್ಕೇ ಐದು ನಿಮಿಷ ಬೇಕು ನಿಂಗೆ!"

ಸೌಮ್ಯ ನಕ್ಕುಬಿಟ್ಟರು. "ಬೆಟ್ಟ ಕಾಣ್ತದೆ ಅಂದ್ರಲ್ಲ, ಅದು?"

ಪುಟ್ಟಬಸಮ್ಮ ತಕ್ಕಡಿಯ ಹತ್ತಿರ ಹೋದಳು. ಸೆರಗಿನ ತುದಿಯಿಂದ ಫ್ರೇಮಿನ ಮೇಲಿನ ಹಿಟ್ಟು ಒರೆಸಿದಳು, ಅಷ್ಟೆ. ಒಳಗಿನ ನಂಬರು ಫಳಫಳ ಅಂದಿತು. ಬೀರಯ್ಯನಿಗೆ ನಯನಾ ಹೇಳಿದ ಎರಡನೆಯದು ಈಗ ಕೇಳಿಸಿತು.

"ಕಾಣಲ್ಲ ತಾಯಿ" ಅಂದ. "ಟ್ಯಾಂಕು ಅಡ್ಡ ಬರ್ತದೆ. ಮಹಡಿ ಕಟ್ಟಿದ್ರೂ ಅಷ್ಟೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೋಯ್ತು ಗಿರಾಕಿ ಅಂದುಕೊಂಡ ಬೀರಯ್ಯ.

"ಸ್ಕೂಟರ್ ಇದೆಯಲ್ಲ, ಬೆಟ್ಟ ಬೇಕಾದಾಗ ಹೋಗಿ ನೋಡ್ತೀವಿ" ಅಂದರು ಸೌಮ್ಯ. "ನೀರು ಹೇಗೆ ಬರ್ತದೆ, ಅದು ಹೇಳಿ."

ಬೀರಯ್ಯ ಬಾಯಿ ತೆರೆದ. ಅದೇ ಹೊತ್ತಿಗೆ ಕರೆಂಟು ಬಂತು, ಮಿಷನ್ನು ಮತ್ತೆ ಗುಡುಗಿತು. ಈಗ ಏನು ಹೇಳಿದರೂ ಪುಟ್ಟಬಸಮ್ಮನಿಗೆ ಕೇಳುವುದಿಲ್ಲ. ಅವನು ಫ್ರೇಮಿನ ಕಡೆ ನೋಡಿದ. ಆಮೇಲೆ ಕೈ ಎತ್ತಿ ಕೂಗಿದ.

"ಅಕ್ಕಾ! ಒಂದ್ನಿಮಿಷ ಮಿಷನ್ನು ನಿಲ್ಸಿ!"

ನಿಲ್ಲಿಸಿದಳು.

"ಎರಡು ದಿನಕ್ಕೊಂದು ಸಲ ಬರ್ತದೆ ತಾಯಿ. ಬೇಸಿಗೇಲಿ ಮೂರು ದಿನಕ್ಕೆ. ಸಂಪು ದೊಡ್ಡದು ಮಾಡಿಸ್ಬೇಕು."

"ಸರಿ, ಭಾನುವಾರ ಒಂಬತ್ತಕ್ಕೆ ಗೇಟಿನ ಹತ್ರ ಬರ್ತೀವಿ" ಅಂದರು ಮೇಷ್ಟ್ರು. "ಈ ಸಲ ಒಳಗೆ ಬಿಡ್ತಾರೆ ತಾನೆ?"

"ಬೀರಯ್ಯ, ನಿಂದು ಮುಗೀತೇನೋ?" ಸಾಲಿನಿಂದ ಯಾರೋ ರೇಗಿದರು. "ನಮ್ಮ ರಾಗಿ ಇನ್ನೂ ಅರ್ಧ ಕಲ್ಲೊಳಗೈತೆ!"